ತಳ್ಳು, ಎಳೆ ಮತ್ತು ಯರ್ರಜ್ಜಿಯ ಕಂಬಳಿ

ಗಡಿಯಾರಕ್ಕೆ ಮುಳ್ಳು ಮೂಡುವುದಕ್ಕೂ ಮುಂಚಿನ ಒಂದು ಕಾಲದಲ್ಲಿ, ಗುಡ್ಡದ ಮಗ್ಗುಲಿನ ಒಂದು ಹಟ್ಟಿಯಲ್ಲಿ ಒಬ್ಬ ಕುರಿಗಾಹಿ ಇದ್ದನಂತೆ. ಅವನಿಗೆ ನೂರೊಂದು ಕುರಿ, ಒಂದು ಕೋಲು, ಉರುಮೆ ವಾದ್ಯದಂಥ ಒಂದು ಗಂಟಲು. ಮಂದೆಯ ಹಿಂದೆ ನಿಂತು ಅವನು “ಹುರ್ರೋ” ಅಂತ ಕೂಗಿದರೆ ಕುರಿಗಳಿರಲಿ, ಗುಡ್ಡದ ಕಲ್ಲುಗುಂಡುಗಳೂ ಎರಡು ಹೆಜ್ಜೆ ಮುಂದೆ ಸರಿಯುತ್ತಿದ್ದವಂತೆ. ನಾನು ಕೂಗದಿದ್ದರೆ ಕುರಿ ಮೇಯೋದಿಲ್ಲ, ನಾನು ಕೂಗದಿದ್ದರೆ ಕುರಿ ನೀರು ಕುಡಿಯೋದಿಲ್ಲ, ನಾನು ಕೂಗದಿದ್ದರೆ ಹೊತ್ತು ಕೂಡ ಮುಳುಗೋದಿಲ್ಲ ಅನ್ನುವುದು ಅವನ ನಂಬಿಕೆ. ಹೀಗಿರುವಾಗ ಒಂದು ದಿನ…

“ಒಂದು ದಿನ?” ಅಂದ ಬಾಲರಾಜ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ.

“ಒಂದು ದಿನ ನನ್ನ ಕಂಬಳಿ ಬರ್ತೈತೆ. ಮುಂದಿನ ಕತೆ ಅವತ್ತು,” ಅಂದಳು ಯರ್ರಜ್ಜಿ, ಒಲೆಗೆ ಕೈ ಕಾಸಿಕೊಳ್ಳುತ್ತ.

ಮೂರು ವರ್ಷದಿಂದ ಈ ಕತೆ ಇದೇ ಜಾಗಕ್ಕೆ ಬಂದು, ಹಗ್ಗ ಸಾಲದ ಕೊಡದ ಹಾಗೆ ಬಾವಿಯ ಅರ್ಧಕ್ಕೇ ನಿಂತುಬಿಡುತ್ತಿತ್ತು. ಅಜ್ಜಿಯ ಹಳೇ ಕಂಬಳಿಯಲ್ಲಿ ಈಗ ಉಣ್ಣೆಗಿಂತ ಕಿಂಡಿಗಳೇ ಜಾಸ್ತಿ. ಅವಳ ಮೊಮ್ಮಗ ಬಾಲರಾಜನಾದರೋ ಬಿಳಿಗಲ್ಲಹಟ್ಟಿಯ ಕಂಬಳಿ ನೇಕಾರರ ಸಂಘದ ಸೂಪರ್‌ವೈಸರು. ಸಂಘದ ಗೋದಾಮಿನಲ್ಲಿ ಕಂಬಳಿಗಳು ಸೂರು ಮುಟ್ಟಿದ್ದವು. ಆದರೆ ಅವುಗಳ ಮೇಲೆ ಇಲಿಗಳು ಮೂರು ತಲೆಮಾರು ಸಂಸಾರ ಮಾಡಿದ್ದವು. “ಇಲಿ ಬಾಣಂತನ ಮಾಡಿದ್ದು ನಾನು ಹೊದೆಯಾಕಿಲ್ಲ. ಹೊಸದು, ನನ್ನ ಮೈಗೆ ಆಗೋದು ಬೇಕು,” ಅನ್ನುವುದು ಅಜ್ಜಿಯ ಹಟ.

“ಇವತ್ತು ಸಂಜೆಯೊಳಗೆ ನಿನ್ನ ಕಂಬಳಿ ನಿನ್ನ ಮೈಮೇಲೆ ಇರ್ತೈತೆ, ಆಣೆ!” ಅಂದುಬಿಟ್ಟ ಬಾಲರಾಜ.

ಹಾಗೆ ಆಣೆ ಇಡಲು ಕಾರಣವಿತ್ತು. ಇವತ್ತು ಜಿಲ್ಲೆಯಿಂದ ದೊಡ್ಡ ಸಾಹೇಬರು ಬರುವವರಿದ್ದರು. ಬಾಲರಾಜನದು ತಾತ್ಕಾಲಿಕ ಕೆಲಸ. ಅದು ಖಾಯಂ ಆಗುವುದೋ ಬಿಡುವುದೋ ಇವತ್ತೇ ತೀರ್ಮಾನ. ಖಾಯಂ ಆದರೆ ಯಾವ ಮಗ್ಗದಲ್ಲಿ ಏನು ನೇಯಬೇಕು ಅಂತ ಹೇಳುವ ಹಕ್ಕು ಅವನದು. ಮೊದಲನೇ ಅಪ್ಪಣೆಯೇ ಅಜ್ಜಿಯ ಕಂಬಳಿ.

ಸಾಹೇಬರು ಕಳಿಸಿದ್ದ ಕಾಗದದಲ್ಲಿ ಹೀಗಿತ್ತು: “ಉತ್ಪಾದನೆಯ ತಳ್ಳು ಪದ್ಧತಿ ಹಾಗೂ ಎಳೆ ಪದ್ಧತಿ, ಇವೆರಡನ್ನೂ ಅನುಕರಣೆಯ (ಸಿಮ್ಯುಲೇಶನ್) ಮೂಲಕ ಮಾಡಿ ತೋರಿಸತಕ್ಕದ್ದು. ತೃಪ್ತಿಕರವಾದಲ್ಲಿ ಹುದ್ದೆಯ ವಿಚಾರ ಪರಿಶೀಲಿಸಲಾಗುವುದು.”

ಈ ತಳ್ಳು-ಎಳೆ ಹುಳವನ್ನು ಬಾಲರಾಜನ ತಲೆಗೆ ಬಿಟ್ಟಿದ್ದು ದಾವಣಗೆರೆಯಲ್ಲಿ ನಡೆದ ಮೂರು ದಿನದ ತರಬೇತಿ. ಬೇಕೋ ಬೇಡವೋ ಕೇಳದೆ ಮಾಡುತ್ತಲೇ ಹೋಗಿ ಮುಂದಿನವನ ತಲೆಗೆ ಕಟ್ಟುವುದು ತಳ್ಳು ಪದ್ಧತಿ. ಮುಂದಿನವನು ‘ಇನ್ನೊಂದು ತಾ’ ಅಂದಾಗ ಮಾತ್ರ ಮಾಡುವುದು ಎಳೆ ಪದ್ಧತಿ. ಸಂಘದ ಅಧ್ಯಕ್ಷ ಜಂಬುಲಿಂಗಪ್ಪನವರು ಹುಟ್ಟಾ ತಳ್ಳು ಪದ್ಧತಿಯವರು. “ಕೈ ನಿಲ್ಲಬಾರ್ದು! ನೇಯ್ರಿ!” ಅಂತ ಇಪ್ಪತ್ತು ವರ್ಷದಿಂದ ಅವರು ಕೂಗಿದ ಫಲವೇ ಗೋದಾಮಿನ ಆ ಕಪ್ಪು ಬೆಟ್ಟ. ಎಳೆ ಪದ್ಧತಿಯೇ ಮೇಲು ಅಂತ ತರಬೇತಿಯಲ್ಲಿ ಕಂಪ್ಯೂಟರಿನ ಪರದೆ ಮೇಲೆ ಗೊಂಬೆಗಳನ್ನು ಓಡಾಡಿಸಿ ತೋರಿಸಿದ್ದರು. ಆ ಗೊಂಬೆಗಳ ಫ್ಲಾಪಿ ಬಾಲರಾಜನ ಜೇಬಿನಲ್ಲೇ ಇತ್ತು. ಸಂಘಕ್ಕೆ ಬಂದಿದ್ದ ಒಂದೇ ಒಂದು ಕಂಪ್ಯೂಟರು ಅಧ್ಯಕ್ಷರ ಕೋಣೆಯಲ್ಲಿ ಕುಂಕುಮ ಇಡಿಸಿಕೊಂಡು, ಪ್ಲಾಸ್ಟಿಕ್ ಹೊದ್ದು ಕೂತಿತ್ತು. ಸಾಹೇಬರ ಮುಂದೆ ಗುಂಡಿ ಒತ್ತಿದರೆ ಮುಗಿಯಿತು.

ಬಾಲರಾಜ ಗುಂಡಿ ಒತ್ತಿದ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದ. ಮೇಜಿನ ಕೆಳಗಿಂದ ಒಂದು ಇಲಿ ಹೊರಬಂದು, ಅವನನ್ನೊಮ್ಮೆ ನೋಡಿ, ಮೀಸೆ ತಿರುವಿಕೊಂಡು ಗೋದಾಮಿನ ಕಡೆ ಹೋಯಿತು. ಬಗ್ಗಿ ನೋಡಿದರೆ ವೈರು ಮೂರು ತುಂಡು.

“ನಾನಂದಿದ್ದೆ!” ಅಂದರು ಹಿಂದೆಯೇ ನಿಂತಿದ್ದ ಜಂಬುಲಿಂಗಪ್ಪ. “ಇನ್ನು ಹದಿನೈದು ದಿನಕ್ಕೆ ಎರಡು ಸಾವಿರದ ಇಸವಿ. ಲೋಕದ ಕಂಪ್ಯೂಟರೆಲ್ಲ ತಲೆ ತಿರುಗಿ ಬೀಳ್ತಾವೆ ಅಂತ ಪೇಪರ್‌ನಾಗೆ ಬಂದೈತೆ. ನಮ್ದು ಹದಿನೈದು ದಿನ ಮೊದ್ಲೇ ಬಿತ್ತು. ನಾವು ಯಾವಾಗ್ಲೂ ಮುಂದೆ!”

“ಇದು ಇಸವಿ ಅಲ್ರಿ ಅಧ್ಯಕ್ಷರೇ, ಇಲಿ!”

“ಇಲಿಗೇನು ಇಸವಿ ತಿಳಿಯಾಕಿಲ್ವಾ?”

ಬಾಲರಾಜ ತಲೆ ಮೇಲೆ ಕೈಹೊತ್ತು ಜಗುಲಿಗೆ ಬಂದು ಕೂತ. ಸಂಘದ ಪಕ್ಕದಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದ ಕರೀಂ ಸಾಬರು ಕನ್ನಡಕದ ಮೇಲಿಂದ ನೋಡಿದರು.

“ಕ್ಯಾ ಹುವಾ ಬೇಟಾ? ಮುಖ ಯಾಕೆ ಹಿಂಡಿದ ನಿಂಬೆಹಣ್ಣು ಆಗೈತೆ?”

ಬಾಲರಾಜ ಹೇಳಿದ. ಕರೀಂ ಸಾಬರು ಗಡ್ಡ ನೀವಿಕೊಂಡರು. “ಆ ಕಂಪ್ಯೂಟರ್‌ನಾಗೆ ಗೊಂಬೆ ಏನು ಮಾಡ್ತಿದ್ವು?”

“ಒಂದು ಗೊಂಬೆ ಮಾಡಿ ಇನ್ನೊಂದಕ್ಕೆ ಕೊಡೋದು, ಅದು ಮಾಡಿ ಮತ್ತೊಂದಕ್ಕೆ…”

“ಅಷ್ಟೇನಾ? ಅದಕ್ಕೆ ಗೊಂಬೆ ಯಾಕೆ? ನಾವೇ ಇದ್ದೀವಲ್ಲೋ. ಇಲಿ ಕಡಿದ ಕಂಬಳಿ ಒಂದು ಗಾಡಿ ಬಿದ್ದೈತೆ. ಒಬ್ಬ ಒಳ್ಳೇ ಜಾಗ ನೋಡಿ ಗೇಣಗಲದ ಚೌಕ ಕತ್ತರಿಸ್ಲಿ, ಒಬ್ರು ಧೂಳು ಬಡೀಲಿ, ನಾನು ಅಂಚು ಹೊಲೀತೀನಿ. ಸಾಹೇಬ ನೋಡ್ಕೊಂಡು ಹೋಗ್ಲಿ.”

ಬಾಲರಾಜನಿಗೆ ಕರೀಂ ಸಾಬರ ಕಾಲಿಗೆ ಬೀಳಬೇಕು ಅನ್ನಿಸಿತು. ಕಾಲು ಮಿಷನ್ನಿನ ಪೆಡಲ್ ಮೇಲಿದ್ದದ್ದರಿಂದ ಬೀಳಲಿಲ್ಲ.

ಹನ್ನೊಂದಕ್ಕೆ ಸಂಘದ ಹಾಲಿನಲ್ಲಿ ಸಾಲು ಸಿದ್ಧವಾಯಿತು. ಮೊದಲಿಗೆ ಕತ್ತರಿ ಹಿಡಿದ ಚಂದ್ರಣ್ಣ. ಅವನು ಮಗ್ಗದವನು, ಕೈ ಭಾರಿ ಚುರುಕು, ಬುದ್ಧಿ ಅದರ ಹಿಂದೆ ನಡೆದುಕೊಂಡು ಬರುತ್ತಿತ್ತು. ಆಮೇಲೆ ಬಾರುಕೋಲು ಹಿಡಿದ ಜಯಕ್ಕ. ಅವಳು ನೂಲು ತೆಗೆಯುವವಳು, ರಾಯದುರ್ಗದ ಕಡೆಯಿಂದ ಬಂದ ಸೊಸೆ, ಸಿಟ್ಟು ಬಂದರೆ ತೆಲುಗು. ಕೊನೆಗೆ ಮಿಷನ್ ಸಮೇತ ಕರೀಂ ಸಾಬರು. ಎಲ್ಲರ ನೆತ್ತಿಯ ಮೇಲೆ, ಕೇಳದೆ ಬಂದ ಮಳೆಮೋಡದಂತೆ ಅಧ್ಯಕ್ಷರು.

ಜೀಪು ಕೆಮ್ಮುತ್ತ ಬಂತು. ಅದರೊಳಗಿಂದ ಸಾಹೇಬರೂ ಕೆಮ್ಮುತ್ತ ಇಳಿದರು. ಮೂಡಲಗಿರಿಯಪ್ಪ ಅಂತ ಅವರ ಹೆಸರು. ಹೆಸರು ಎಷ್ಟು ಉದ್ದವೋ ಆಳು ಅಷ್ಟು ಸಣ್ಣ. ಸ್ವೆಟರು, ಮಫ್ಲರು, ಕಂಕುಳಲ್ಲಿ ಫೈಲು.

“ಗಲಾಟೆ ಆದರೆ ನನಗೆ ತಲೆನೋವು ಬರುತ್ತೆ,” ಅನ್ನುವುದೇ ಅವರ ಮೊದಲ ಮಾತು. “ಕಂಪ್ಯೂಟರ್ ಎಲ್ಲಿ?”

“ಸಾರ್, ಕಂಪ್ಯೂಟರಿನೊಳಗೆ ಸುಳ್ಳು ಜನ. ನಾವು ನಿಜವಾದ ಜನರನ್ನೇ ಇಟ್ಟು ತೋರಿಸ್ತೀವಿ,” ಅಂದ ಬಾಲರಾಜ.

ಸಾಹೇಬರ ಹುಬ್ಬು ಮೇಲೆ ಹೋಯಿತು. “ಹೊಸ ವಿಚಾರ. ಶುರು ಮಾಡತಕ್ಕದ್ದು.”

ಮೊದಲು ತಳ್ಳು. “ಚಂದ್ರಣ್ಣ, ನೀನು ಮಾಡ್ತಾ ಹೋಗು, ಮಾಡಿದ್ದೆಲ್ಲ ಮುಂದಕ್ಕೆ ತಳ್ಳು!” ಅಂತ ಬಾಲರಾಜ ಕೂಗಿದ. ಚಂದ್ರಣ್ಣನ ಕತ್ತರಿ ಮೇಕೆ ಬೇಲಿ ಮೇಯ್ದ ಹಾಗೆ ಮೇಯತೊಡಗಿತು. ಜಯಕ್ಕ ಒಂದು ಚೌಕ ಬಡಿಯುವುದರೊಳಗೆ ಐದು ಬಂದು ಬಿದ್ದವು. ಅವಳ ಬಡಿತಕ್ಕೆ ಎದ್ದ ಧೂಳಿನಲ್ಲಿ ಸಾಹೇಬರು ಒಮ್ಮೆ ಕಾಣೆಯಾಗಿ ಮತ್ತೆ ಕಂಡರು.

“ನಿಧಾನಕ್ಕೆ ತಳ್ಳೋ ಮಾರಾಯ! ನನಗಿರೋದು ಎರಡೇ ಕೈ!” ಅಂದಳು ಜಯಕ್ಕ.

“ನಿಲ್ಲಬಾರ್ದು! ತಳ್ರಿ! ಇನ್ನೂ ಜೋರಾಗಿ!” ಅಂದರು ಅಧ್ಯಕ್ಷರು. ಅವರಿಗೆ ಇದು ಅನುಕರಣೆ ಅಂತ ಮರೆತೇ ಹೋಗಿತ್ತು. ಚಂದ್ರಣ್ಣ ಹುರುಪಿನಲ್ಲಿ ರಾಶಿಯನ್ನೇ ತಬ್ಬಿ ತಳ್ಳಿದ. ರಾಶಿಯ ಜೊತೆ ಜಯಕ್ಕನೂ ಮುಂದಕ್ಕೆ ಹೋಗಿ ಕರೀಂ ಸಾಬರ ಮಿಷನ್ನಿಗೆ ಗುದ್ದಿದಳು. ಮಿಷನ್ನಿನ ಸೂಜಿ ಟಣ್ ಅಂತ ಮುರಿಯಿತು. ಕರೀಂ ಸಾಬರು “ಯಾ ಅಲ್ಲಾ” ಅಂದರು, ಜಯಕ್ಕ ತೆಲುಗಿನಲ್ಲಿ ಏನೋ ಅಂದಳು. ಅದನ್ನು ಯಾರೂ ಕನ್ನಡಕ್ಕೆ ತಿರುಗಿಸಲಿಲ್ಲ.

ಸಾಹೇಬರು ಗಡಿಯಾರ ನೋಡಿ ಬರೆದುಕೊಂಡರು. ಕತ್ತರಿಸಿದ್ದು ಐವತ್ತೆರಡು. ಬಡಿದದ್ದು ಮೂವತ್ತು. ಅಂಚಾದದ್ದು ಒಂಬತ್ತು. ಮುರಿದದ್ದು ಸೂಜಿ ಒಂದು. ಬಾಲರಾಜನಿಗೆ ಒಳಗೊಳಗೇ ಖುಷಿ. ತಳ್ಳು ಪದ್ಧತಿ ಹೀಗೇ ಮುಗ್ಗರಿಸಬೇಕು ಅಂತಲೇ ಪುಸ್ತಕದಲ್ಲೂ ಇತ್ತು.

ಇನ್ನು ಎಳೆ. ಇದಕ್ಕೆಂದು ಬಾಲರಾಜ ಬೆಳಗ್ಗೆಯೇ ದಪ್ಪ ಅಕ್ಷರದಲ್ಲಿ ಚೀಟಿಗಳನ್ನು ಬರೆದಿಟ್ಟಿದ್ದ. ಬೇಕಾದವನು ತನ್ನ ಹಿಂದಿನವನಿಗೆ ಚೀಟಿ ಕೊಡಬೇಕು, ಚೀಟಿ ಬಂದರೆ ಮಾತ್ರ ಅವನು ಮಾಡಿಕೊಡಬೇಕು. ಚೀಟಿಯ ಮೇಲೆ ಒಂದೇ ಪದ: ಎಳೆ.

ಹೊಸ ಸೂಜಿ ಹಾಕಿ ಕರೀಂ ಸಾಬರು ಜಯಕ್ಕನಿಗೆ ಚೀಟಿ ಕೊಟ್ಟರು. ಜಯಕ್ಕ ಅಕ್ಷರ ಕೂಡಿಸಿ ಓದಿದಳು. ಒಂದು ಗಳಿಗೆ ಯೋಚಿಸಿದಳು. ಚೌಕದ ತುದಿಯಿಂದ ಒಂದೇ ಒಂದು ನೂಲಿನ ಎಳೆ ಕಿತ್ತು, ಎರಡು ಬೆರಳಲ್ಲಿ ಹಿಡಿದು, ತಾಂಬೂಲ ಕೊಟ್ಟಷ್ಟು ಮರ್ಯಾದೆಯಿಂದ ಕರೀಂ ಸಾಬರ ಕೈಗಿಟ್ಟಳು.

“ಇದೇನಮ್ಮಾ?”

“ಎಳೆ. ಚೀಟೀಲಿ ಹಂಗೇ ಐತಲ್ಲ.”

ಅವಳು ಚಂದ್ರಣ್ಣನಿಗೂ ಒಂದು ಚೀಟಿ ಕೊಟ್ಟಳು. ಅವನು ಉದಾರಿ. ಎರಡು ಎಳೆ ಕೊಟ್ಟ.

ನೂಲಿನ ಜೊತೆ ಹುಟ್ಟಿ ನೂಲಿನ ಜೊತೆ ಬೆಳೆದವರಿಗೆ ಎಳೆ ಅಂದರೆ ನೂಲಲ್ಲದೆ ಇನ್ನೇನು? ಬಾಲರಾಜನ ಹಣೆಯಲ್ಲಿ ಡಿಸೆಂಬರ್ ಚಳಿಯಲ್ಲೂ ಬೆವರೊಡೆಯಿತು.

“ಆ ಎಳೆ ಅಲ್ಲಾ ಜಯಕ್ಕ! ಎಳೆಯೋದು! ಜಗ್ಗೋದು!”

“ಓ, ಲಾಗು ಅಂತೀಯಾ! ಹಂಗಂದ್ರೆ ತಿಳೀತಿತ್ತು,” ಅಂದ ಜಯಕ್ಕ ಚಂದ್ರಣ್ಣನತ್ತ ತಿರುಗಿ, “ಲಾಗು ಚಂದ್ರಣ್ಣ, ಲಾಗು!” ಅಂತ ಕೂಗಿದಳು. ತೆಲುಗಿನಲ್ಲಿ ಲಾಗು ಅಂದರೆ ಎಳೆ ಅಂತಲೂ ಆಗುತ್ತದೆ, ಚಡ್ಡಿ ಅಂತಲೂ ಆಗುತ್ತದೆ. ಅಷ್ಟಿಷ್ಟು ತೆಲುಗು ಬಲ್ಲ ಚಂದ್ರಣ್ಣ ಗಾಬರಿಯಿಂದ ಎರಡೂ ಕೈಯಲ್ಲಿ ತನ್ನ ಚಡ್ಡಿ ಹಿಡಿದುಕೊಂಡು ಎದ್ದು ನಿಂತ. ಅವನ ತೊಡೆಯಿಂದ ಜಾರಿದ ಕಂಬಳಿಯನ್ನು ಜಯಕ್ಕ ಜಗ್ಗಿದಳು. ಅವನು ಇನ್ನೊಂದು ತುದಿ ಹಿಡಿದು ಜಗ್ಗಿದ. ಇಲಿ ಅರ್ಧ ಮುಗಿಸಿದ್ದ ಕೆಲಸ ಪೂರ್ತಿಯಾಯಿತು. ಕಂಬಳಿ ಪರ್ರನೆ ಎರಡಾಗಿ, ಇಬ್ಬರೂ ಒಂದೊಂದು ದಿಕ್ಕಿಗೆ ಕೂತರು.

“ಅಯ್ಯೋ ನಾನು ಬೇರೆ ಏನೋ ಅಂದ್ಕೊಂಡಿದ್ದೆ,” ಅಂದರು ಜಂಬುಲಿಂಗಪ್ಪ ಪೇಚಾಡಿಕೊಂಡು. “ಎಳೆ ಪದ್ಧತಿ ಅಂದ್ರೆ ಸಾಹೇಬ್ರಿಗೆ ಎಳನೀರು ಕೊಡೋದು ಅಂತ!”

ಗದ್ದಲ ಅಡಗಿಸಿ, ಬಾಲರಾಜ ಎಲ್ಲರಿಗೂ ಮತ್ತೆ ಮೊದಲಿಂದ ಬಿಡಿಸಿ ಹೇಳಿದ. ಈಗ ಅರ್ಥವಾಯಿತು. ಎಷ್ಟು ಚೆನ್ನಾಗಿ ಅರ್ಥವಾಯಿತೆಂದರೆ ಮೂವರೂ ಕೈಕಟ್ಟಿ ಕೂತುಬಿಟ್ಟರು. ಐದು ನಿಮಿಷ. ಹತ್ತು ನಿಮಿಷ. ಚಂದ್ರಣ್ಣ ಆಕಳಿಸಿದ.

“ಇದೇನ್ರೀ, ಎಲ್ಲರೂ ಮುಷ್ಕರ ಹೂಡಿದ ಹಾಗಿದೆ?” ಅಂದರು ಸಾಹೇಬರು.

“ಮುಂದಿನವರು ಕೇಳ್ಲಿ ಅಂತ ಕಾಯ್ತಾ ಇದ್ದೀವಿ ಸ್ವಾಮಿ,” ಅಂದ ಚಂದ್ರಣ್ಣ. “ನನ್ನನ್ನ ಜಯಕ್ಕ ಕೇಳ್ಬೇಕು. ಜಯಕ್ಕನ್ನ ಸಾಬ್ರು ಕೇಳ್ಬೇಕು.”

“ನನ್ನ ಯಾರು ಕೇಳ್ತಾರೆ?” ಅಂದರು ಕರೀಂ ಸಾಬರು. “ಗಿರಾಕೀನೇ ಇಲ್ವಲ್ಲ ಬೇಟಾ!”

ಬಾಲರಾಜ ತುಟಿ ಕಚ್ಚಿಕೊಂಡ. ಎಲ್ಲವನ್ನೂ ಹೊಂದಿಸಿದ್ದ, ಗಿರಾಕಿಯನ್ನು ಮರೆತಿದ್ದ. ಇಪ್ಪತ್ತು ವರ್ಷದಿಂದ ಸಂಘ ಮರೆತದ್ದೂ ಅದನ್ನೇ.

ಸಾಹೇಬರು ಫೈಲು ಮುಚ್ಚಿದರು. “ಈಗ ಊಟ. ಎರಡೂವರೆಗೆ ಕೊನೇ ಅವಕಾಶ. ಗಿರಾಕಿ ಒದಗಿಸತಕ್ಕದ್ದು. ಇಲ್ಲವಾದರೆ ಎಳೆ ಪದ್ಧತಿ ವಿಫಲ ಅಂತ ಬರೆದು ಹೊರಡುತ್ತೇನೆ.”

ಬಾಲರಾಜ ಊಟ ಬಿಟ್ಟು ಮನೆಗೆ ಓಡಿದ. “ಅಜ್ಜೀ, ಏಳು, ನೀನು ಗಿರಾಕಿ ಆಗ್ಬೇಕು!”

“ನನ್ನ ಕಂಬಳಿ ಎಲ್ಲೋ?”

“ಅಲ್ಲಿಗೆ ಬಾ, ಅಲ್ಲೇ ಐತೆ!”

ಅದು ಪೂರಾ ಸುಳ್ಳೂ ಅಲ್ಲ, ಪೂರಾ ನಿಜವೂ ಅಲ್ಲ. ಅಜ್ಜಿ ಎಲೆಅಡಿಕೆಯ ಸಣ್ಣ ಬುಟ್ಟಿ, ದಬ್ಬಳ, ಒಂದು ಉಂಡೆ ಉಣ್ಣೆದಾರ ತಗೊಂಡು ಬಂದಳು. ಹಾಲಿನಲ್ಲಿ ಬಿದ್ದಿದ್ದ ಚೌಕಗಳನ್ನು ತಿರುವಿ ಹಾಕಿದಳು.

“ಯಾರೋ ಇದನ್ನ ಕತ್ತರಿಸ್ದೋನು? ಒಂದು ಮೂಲೆ ಚಳ್ಳಕೆರೆ ಕಡೆ ನೋಡ್ತೈತೆ, ಇನ್ನೊಂದು ಮೊಳಕಾಲ್ಮೂರು ಕಡೆ!”

“ಅವಸರದಾಗೆ ತಳ್ಳಿದ್ದು ಅಜ್ಜಿ,” ಅಂದ ಚಂದ್ರಣ್ಣ ತಲೆ ಕೆರೆದುಕೊಂಡು.

“ಇವು ಬೇಡ. ನೇರ ಕತ್ತರಿಸಿ ಕೊಟ್ರೆ ಒಂದಕ್ಕೊಂದು ಕೂಡಿಸಿ ನನ್ನ ಕಂಬಳಿ ನಾನೇ ಮಾಡ್ಕೋತೀನಿ.”

“ಇಲಿ ಬಾಯಿ ಹಾಕಿದ್ದು ಬೇಡ ಅಂತಿದ್ದೆಯಲ್ಲಜ್ಜಿ?” ಅಂತ ಬಾಲರಾಜ ಕೇಳಬಾರದ್ದನ್ನು ಕೇಳಿಬಿಟ್ಟ.

“ಇವು ಬಾಯಿ ಹಾಕಿದ್ದಲ್ಲವೋ ದಡ್ಡ, ಇಲೀನೇ ಬೇಡ ಅಂತ ಬಿಟ್ಟಿದ್ದು!” ಅಂದಳು ಅಜ್ಜಿ. ಆಮೇಲೆ ಚೀಟಿಗಳ ಕಡೆ ಕಣ್ಣು ಹಾಯಿಸಿದಳು. “ಈ ಕಾಗದ ಯಾಕೆ? ನಿಂಗೆ ನಾನು ರೊಟ್ಟಿ ಹೆಂಗೆ ತಟ್ತೀನಿ? ತಟ್ಟೆ ಖಾಲಿ ಆದ್ರೆ ಇನ್ನೊಂದು. ತಟ್ಟೇಲಿ ರೊಟ್ಟಿ ಇದ್ರೆ ಸುಮ್ಕೆ ಕೂತ್ಕೊಳ್ಳೋದು. ಒಬ್ಬೊಬ್ರ ನಡುವೆ ಒಂದೊಂದು ಬುಟ್ಟಿ ಇಟ್ಕೊಳ್ರಿ. ಖಾಲಿ ಬುಟ್ಟಿ ಬಂದ್ರೆ ಒಂದು ಹಾಕಿ ಕಳಿಸ್ರಿ. ಆಯ್ತಪ್ಪ!”

ಸಾಹೇಬರು ಪೆನ್ನಿನ ಕ್ಯಾಪು ತೆಗೆದರು. ಬಾಲರಾಜ ಉಸಿರೆಳೆದು, ಎದೆಯುಬ್ಬಿಸಿ, “ಶುರು…” ಅನ್ನಲು ಬಾಯಿ ತೆರೆದ.

“ಲೇ ಬಾಲರಾಜ!” ಅಂತ ಹೊರಗಿಂದ ಅಧ್ಯಕ್ಷರ ಕೂಗು. “ಎಳನೀರು ತರಾಕೆ ಜೀಪು ಕಳಿಸ್ತಿದ್ದೀನಿ, ಸ್ಟಾರ್ಟೇ ಆಗ್ತಿಲ್ಲ. ತಳ್ಳಬೇಕು, ಬಾ!”

“ನಾನಾ? ಇಲ್ಲಿ ನಾನಿಲ್ದಿದ್ರೆ…”

“ಮೂರು ದಿನ ತಳ್ಳೋದು ಕಲಿತು ಬಂದೋನು ಊರಿಗೆಲ್ಲ ನೀನೊಬ್ಬನೇ ಅಲ್ವೇನೋ!”

ಸಾಹೇಬರ ಜೀಪು, ಅಧ್ಯಕ್ಷರ ಮಾತು. ಬಾಲರಾಜ ಹೋದ, ತಳ್ಳಿದ. ಇಳಿಜಾರಿನಲ್ಲಿ ಜೀಪು ಗುರ್ರೆಂದಿತು. “ಹತ್ಕೊಳ್ರಿ! ಮತ್ತೆ ನಿಂತ್ರೆ ತಳ್ಳಾಕೆ ಒಬ್ರು ಬೇಕು!” ಅಂತ ಡ್ರೈವರು ಕೂಗಿದ. ಹತ್ತದೆ ವಿಧಿ ಇರಲಿಲ್ಲ. ಮೈಲಿ ದಾಟಿ ಜೀಪು ನಿಂತಿತು. ತಳ್ಳಿದ. ಎಳನೀರಿನ ಗಾಡಿಯ ಹತ್ತಿರ ನಿಂತಿತು. ತಳ್ಳಿದ. ವಾಪಸು ಬರುವಾಗ ರಸ್ತೆ ತುಂಬ ಮುನ್ನೂರು ಕುರಿಗಳ ಮಂದೆ ಅಡ್ಡ ಬಂದು, ಕುರಿಗಳ ನಡುವೆ ಜೀಪು ಮತ್ತೊಂದು ಕುರಿಯಂತೆ ನಿಂತೇಬಿಟ್ಟಿತು.

ಬಾಲರಾಜನ ಕಣ್ಣ ಮುಂದೆ ಸಂಘದ ಹಾಲಿನ ಚಿತ್ರ. ಅಲ್ಲಿ ಜಯಕ್ಕ ಯಾರಿಗೋ ಬೈಯುತ್ತಿದ್ದಾಳೆ, ಚಂದ್ರಣ್ಣ ಮಲಗಿದ್ದಾನೆ, ಅಜ್ಜಿ ಮುನಿಸಿಕೊಂಡು ಮನೆಗೆ ಹೋಗಿದ್ದಾಳೆ, ಸಾಹೇಬರು ‘ವಿಫಲ’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದಾರೆ. ಅವನು ಜೀಪಿನ ಮುಂದೆ ನಿಂತು ಕೂಗಿದ. “ಹೋಯ್! ಸರೀರಿ! ಹುರ್ರೋ!” ಎಷ್ಟು ಕೂಗಿದನೆಂದರೆ ಗಂಟಲಿನ ಒಳಗೆ ಏನೋ ಕಿತ್ತುಹೋದಂತಾಗಿ, ಆಮೇಲೆ ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಕುರಿಗಳು ಮಿಸುಕಲಿಲ್ಲ.

ಮಂದೆಯ ಯಜಮಾನ ಬೀಡಿ ಕಚ್ಚಿಕೊಂಡು ಬಂದ. “ಯಾಕಣ್ಣಾ ಸುಮ್ನೆ ಕಿರುಚ್ತೀಯಾ? ಮುಂದಿನ ಟಗರು ಹೊರಟ್ರೆ ಎಲ್ಲವೂ ಹೊರಡ್ತಾವೆ,” ಅಂದು, ಒಂದು ಕೈ ಜಾಲಿಕಾಯಿ ಹಿಡಿದು ಟಗರಿನ ಮುಂದೆ ನಡೆದ. ಮುನ್ನೂರು ಕುರಿ ಮಗ್ಗುಲಿಗೆ ಹರಿದು ಹೋದವು, ಒಂದು ನೂಲು ರಾಟೆಯಿಂದ ಬಿಚ್ಚಿಕೊಂಡ ಹಾಗೆ.

ಬಾಲರಾಜ ಜೀಪನ್ನು ಕೊನೆಯ ಫರ್ಲಾಂಗು ತಳ್ಳಿಕೊಂಡೇ ಬಿಳಿಗಲ್ಲಹಟ್ಟಿ ಸೇರಿದಾಗ ಐದೂವರೆ. ಮೈಯೆಲ್ಲ ಧೂಳು, ತಲೆಗೂದಲಲ್ಲಿ ಕುರಿಯ ಉಣ್ಣೆ. ಸಂಘದ ಹಾಲು ನಿಶ್ಶಬ್ದವಾಗಿತ್ತು. ‘ಎಲ್ಲ ಮುಗಿಸಿ ಹೋಗಿದ್ದಾರೆ’ ಅಂದುಕೊಂಡು ಬಾಗಿಲಲ್ಲಿ ಇಣುಕಿದ.

ಯಾರೂ ಹೋಗಿರಲಿಲ್ಲ. ಅಜ್ಜಿ ಕಂಬಕ್ಕೊರಗಿ ಹೊಲಿಯುತ್ತಿದ್ದಳು. ಒಂದು ಚೌಕ ಕೂಡಿಸಿ ಮುಗಿದ ಕೂಡಲೇ ಖಾಲಿ ಬುಟ್ಟಿಯನ್ನು ಕರೀಂ ಸಾಬರ ಕಡೆ ಜರುಗಿಸುತ್ತಿದ್ದಳು. ಕರೀಂ ಸಾಬರು ಅದರಲ್ಲಿ ಅಂಚು ಹೊಲಿದ ಒಂದು ಚೌಕ ಹಾಕಿ ಕಳಿಸಿ, ತಮ್ಮ ಖಾಲಿ ಬುಟ್ಟಿಯನ್ನು ಜಯಕ್ಕನ ಕಡೆ ಜರುಗಿಸುತ್ತಿದ್ದರು. ಜಯಕ್ಕನ ಬುಟ್ಟಿ ಚಂದ್ರಣ್ಣನಿಗೆ ಹೋಗುತ್ತಿತ್ತು. ಚಂದ್ರಣ್ಣ ನಾಲಿಗೆ ಕಚ್ಚಿಕೊಂಡು, ಗೆರೆ ಎಳೆದಷ್ಟು ನೇರಕ್ಕೆ ಒಂದೇ ಒಂದು ಚೌಕ ಕತ್ತರಿಸುತ್ತಿದ್ದ. ಮಿಕ್ಕ ಹೊತ್ತು ಅವರೆಲ್ಲ ಮೆಲ್ಲಗೆ ನಾಯಕನಹಟ್ಟಿಯ ಯಾರದೋ ಮದುವೆಯ ಸುದ್ದಿ ಆಡಿಕೊಳ್ಳುತ್ತಿದ್ದರು. ನೆಲದ ಮೇಲೆ ಒಂದು ತುಂಡೂ ಹೆಚ್ಚಾಗಿ ಬಿದ್ದಿರಲಿಲ್ಲ. ಅಧ್ಯಕ್ಷರು ಮೂಲೆಯಲ್ಲಿ, ಕೂಗಲು ಏನೂ ಸಿಗದೆ, ನಿದ್ದೆ ಹೋಗಿದ್ದರು. ಸಾಹೇಬರು ಮಫ್ಲರು ಸಡಿಲಿಸಿ, ಹುರಿಗಡಲೆ ಮೆಲ್ಲುತ್ತ, ಹೆಣ್ಣು ನೋಡಲು ಬಂದು ಒಪ್ಪಿಗೆಯಾದವರ ಮುಖ ಮಾಡಿಕೊಂಡಿದ್ದರು.

“ಬನ್ನಿ ಬಾಲರಾಜ್, ಬನ್ನಿ! ಮೂರು ಗಂಟೆ ಕಾಲ ಒಂದು ಕೂಗಿಲ್ಲ, ಒಂದು ಜಗಳವಿಲ್ಲ. ನನಗೆ ತಲೆನೋವೇ ಬರಲಿಲ್ಲ! ಇಂಥ ಅನುಕರಣೆ ಯಾವ ಕಂಪ್ಯೂಟರಿನಲ್ಲೂ ನೋಡಿಲ್ಲ.”

ಬಾಲರಾಜನ ಕಣ್ಣು ತುಂಬಿ ಬಂತು. ಗೆದ್ದೆ! ಖಾಯಂ! ಏನೋ ಹೇಳಲು ಬಾಯಿ ತೆರೆದ. ಗಾಳಿ ಬಂತು.

“ವರದಿ ಬರೆದಾಗಿದೆ, ಓದುತ್ತೇನೆ ಕೇಳಿ,” ಅಂತ ಸಾಹೇಬರು ಗಂಟಲು ಸರಿ ಮಾಡಿಕೊಂಡರು. “ಎಳೆ ಪದ್ಧತಿಯು ಸಂಪೂರ್ಣ ಯಶಸ್ವಿ. ಇಂದಿನಿಂದಲೇ ಸಂಘದಲ್ಲಿ ಅಳವಡಿಸತಕ್ಕದ್ದು. ಸದರಿ ಪದ್ಧತಿಯಲ್ಲಿ ಯಾವಾಗ ಏನು ಮಾಡಬೇಕೆಂಬುದನ್ನು ಖಾಲಿ ಬುಟ್ಟಿಯೇ ತಿಳಿಸುವುದರಿಂದ, ಸೂಪರ್‌ವೈಸರ್ ಸ್ಥಳದಲ್ಲಿ ಇಲ್ಲದಿದ್ದಾಗ್ಯೂ ಕೆಲಸ ಸುಗಮವಾಗಿ, ವಾಸ್ತವವಾಗಿ ಇನ್ನೂ ಸುಗಮವಾಗಿ ನಡೆದಿರುತ್ತದೆ. ಆದ್ದರಿಂದ ಖಾಯಂ ಸೂಪರ್‌ವೈಸರ್ ಹುದ್ದೆಯ ಅಗತ್ಯ ಕಂಡುಬರುವುದಿಲ್ಲ.”

ಹಾಲಿನಲ್ಲಿ ಬುಟ್ಟಿಗಳೂ ನಿಂತವು.

ಬಾಲರಾಜ ಕೈ ಆಡಿಸಿದ, ಎದೆ ಮುಟ್ಟಿ ತೋರಿಸಿದ, ಗಂಟಲು ಹಿಡಿದುಕೊಂಡ.

“ನೋಡಿ, ಈಗಲೂ ಒಂದು ಮಾತಿಲ್ಲ! ಎಷ್ಟು ವಿನಯ!” ಅಂದರು ಸಾಹೇಬರು. ಆಮೇಲೆ ಅವನ ಮುಖ ನೋಡಿ ಅವರಿಗೂ ಕರುಳು ಚುರ್ ಅಂದಿರಬೇಕು. “ಬೇಜಾರಾಗಬೇಡಿ. ಬೆಳಗಿನ ತಳ್ಳು ಪದ್ಧತಿಯೇ ಗೆದ್ದಿದ್ದರೆ ನೀವು ಖಂಡಿತ ಖಾಯಂ ಆಗುತ್ತಿದ್ದಿರಿ. ತಳ್ಳೋದಕ್ಕೆ ದಿನಾ ಒಬ್ಬರು ಬೇಕಲ್ಲ! ಇರಲಿ, ತಾತ್ಕಾಲಿಕ ಕೆಲಸ ಹಾಗೇ ಮುಂದುವರಿಯಲಿ ಅಂತ ಒಂದು ಸಾಲು ಸೇರಿಸುತ್ತೇನೆ. ಬುಟ್ಟಿ ಹರಿದರೆ ಹೊಸದು ತರೋದಕ್ಕೆ ಯಾರಾದರೂ ಇರಬೇಕು.”

“ಸೋತಿದ್ರೆ ಗೆಲ್ತಿದ್ದೆ ಬೇಟಾ,” ಅಂತ ಕರೀಂ ಸಾಬರು ಅವನ ಬೆನ್ನು ಸವರಿದರು. “ಗೆದ್ದೆ ನೋಡು, ಅದೇ ಎಡವಟ್ಟು.”

ಸಾಹೇಬರು ಎಳನೀರು ಕುಡಿದು, ಜೀಪು ಹತ್ತಿ, ಕಿಟಕಿಯಿಂದ ತಲೆ ಹೊರಹಾಕಿದರು. “ಬಾಲರಾಜ್, ಸ್ವಲ್ಪ ತಳ್ತೀರಾ?”

ತಳ್ಳಿದ. ಜೀಪು ಕೆಮ್ಮುತ್ತ ಚಳ್ಳಕೆರೆಯ ರಸ್ತೆ ಹಿಡಿಯಿತು.

ವಾಪಸು ಬಂದರೆ ಹಾಲಿನಲ್ಲಿ ಅಜ್ಜಿಯೊಬ್ಬಳೇ ಇದ್ದಳು. ಕಿಟಕಿಯಿಂದ ಬಿದ್ದ ಸಂಜೆಬಿಸಿಲು ಅವಳ ತೊಡೆಯ ಮೇಲೆ ಹರಡಿತ್ತು. ಅಲ್ಲಿ ಬಿಸಿಲಿನ ಜೊತೆ ಇನ್ನೊಂದೂ ಹರಡಿತ್ತು. ಅಗಲಕ್ಕೆ ಐದು, ಉದ್ದಕ್ಕೆ ಏಳು, ಮೂವತ್ತೈದು ಚೌಕಗಳು, ಕಪ್ಪು, ಕಂದು, ಬೂದು. ಊರಿನ ಹೊಲಗಳನ್ನೆಲ್ಲ ಗುಡ್ಡದ ಮೇಲಿಂದ ನೋಡಿದ ಹಾಗೆ. ಕೊನೆಯ ಮೂಲೆಯ ಹೊಲಿಗೆ ಮಾತ್ರ ಬಾಕಿ.

ಬಾಲರಾಜ ಅವಳ ಪಕ್ಕದಲ್ಲಿ ಕುಸಿದು ಕೂತ. ಕತೆ ಮುಂದಕ್ಕೆ ಹೇಳು ಅಂತ ಕೈಯಲ್ಲೇ ಕೇಳಿದ.

“ಹೂಂ, ಎಲ್ಲಿಗೆ ನಿಲ್ಸಿದ್ದೆ? ಒಂದು ದಿನ. ಒಂದು ದಿನ ಆ ಕುರಿಗಾಹಿಯ ಗಂಟಲು ಕಟ್ಕೊಂಡು ಬಿಡ್ತಂತೆ,” ಅಂದಳು ಅಜ್ಜಿ, ದಬ್ಬಳ ಆಡಿಸುತ್ತ. ಬಾಲರಾಜ ಬೆಚ್ಚಿ ಅವಳನ್ನು ನೋಡಿದ. “ಅಯ್ಯೋ ನನ್ನ ಕುರಿ ಹಾಳಾದ್ವು ಅಂತ ಬಂಡೆ ಮರೆಗೆ ಕೂತು ಅತ್ನಂತೆ. ಹೊತ್ತು ಮುಳುಗ್ತು, ತನ್ನಷ್ಟಕ್ಕೆ ತಾನೇ. ಮನೆಗೆ ಬಂದು ನೋಡ್ತಾನೆ, ನೂರೊಂದು ಕುರೀನೂ ಹೊಟ್ಟೆ ತುಂಬ ಮೇಯ್ದು, ನೀರು ಕುಡ್ದು, ದೊಡ್ಡೀಲಿ ಮಲಗವೆ.”

ಆಮೇಲೆ ಅವನು ಏನು ಮಾಡಿದ, ಅಂತ ಬಾಲರಾಜನ ಕಣ್ಣು ಕೇಳಿತು.

“ಏನು ಮಾಡ್ತಾನೆ? ಮೂರು ದಿನ ಸಂಕಟ ಪಟ್ಟ. ನಾಲ್ಕನೇ ದಿನ, ಕೂಗೋ ಕೆಲಸ ತಪ್ತಲ್ಲ ಅಂತ ಮರದ ಕೆಳಗೆ ಕೂತು ಕೊಳಲು ಕಲಿಯಾಕೆ ಶುರು ಮಾಡ್ದ.” ಅಜ್ಜಿ ದಬ್ಬಳವನ್ನು ಮೂಲೆಯಿಂದ ಆಚೆ ತೂರಿಸಿ ಕೈ ನಿಲ್ಲಿಸಿದಳು. “ನನ್ನ ಬೆರಳು ಸೋತವು ಕಣೋ. ಈ ಎಳೆ ಎಳಿ.”

ಬಾಲರಾಜನಿಗೆ ನಗು ಬಂತು. ಗಂಟಲಿಲ್ಲದ್ದರಿಂದ ಅದು ಭುಜದಲ್ಲಿ ಕುಣಿಯಿತು. ಅವನು ಎಳೆ ಎಳೆದ. ಅಜ್ಜಿ ಅದಕ್ಕೆ ಗಂಟು ಹಾಕಿ, ಉಳಿದ ಎರಡು ಹಲ್ಲಿನಲ್ಲಿ ಕಡಿದು, ಕಂಬಳಿ ಕೊಡವಿ ಮೈತುಂಬ ಹೊದ್ದುಕೊಂಡಳು.